ತೋಳನಿಗೆ ಹೆಣ್ಣು ಕೊಟ್ಟ ಮೇಡಂ

"ಮನುಷ್ಯ ತೋಳ ಆಗ್ತಾನೆ ಅನ್ನೋದನ್ನ ನಾನು ಒಪ್ಕೋತೀನಿ ಕಣಮ್ಮ. ಆದ್ರೆ ವಿಜಯನಗರದ ಕಾಲದಲ್ಲಿ ಟೊಮೇಟೊ ಸಾರು ಮಾಡಿದ್ರು ಅಂದ್ರೆ ಮಾತ್ರ ಒಪ್ಪಲ್ಲ."

ಮೇಡಂ ನನಗೆ ಹೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಹೆಸರೇನು ಅಂತ ಕೇಳಲಿಲ್ಲ. ನಾನು ಬರೆದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಕನ್ನಡಕ ತೆಗೆದು ಅದರ ಮೇಲೆ ಉಫ್ ಅಂತ ಊದಿದರು. ಯಾವುದಾದರೂ ತಪ್ಪು ಕಣ್ಣಿಗೆ ಬಿದ್ದರೆ ಅವರು ಹೀಗೆ ಊದುತ್ತಿದ್ದರು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಆ ಬೆಳಿಗ್ಗೆ ಅವರು ಊದಿದ್ದು ಹನ್ನೊಂದು ಸಲ.

ಕಳೆದ ತಿಂಗಳು ಅವರು ನಮ್ಮ ಆಫೀಸು ಬಿಟ್ಟರು. ಬೀಳ್ಕೊಡುಗೆಯ ದಿನ ಎರಡು ಮಾತಾಡು ಅಂತ ನನ್ನನ್ನೇ ಎಬ್ಬಿಸಿದರು. ನಾನೇನು ಬಾಯಿಲ್ಲದವಳಲ್ಲ, ನನ್ನ ಬಾಯಿಗೆ ಹೆದರಿ ನಮ್ಮ ಬೀದಿಯ ಹಾಲಿನವನು ಬೆಲ್ ಮಾಡದೆ ಪ್ಯಾಕೆಟ್ ಇಟ್ಟು ಹೋಗುತ್ತಾನೆ. ಆದರೂ ಅವತ್ತು "ಮೇಡಂ ತುಂಬಾ ಒಳ್ಳೆಯವರು" ಅಂತ ಒಂದೇ ಒಂದು ವಾಕ್ಯ ಹೇಳಿ ಕೂತುಬಿಟ್ಟೆ. ಅವರು ನನ್ನ ಕಡೆ ನೋಡಿ ಕನ್ನಡಕ ತೆಗೆದು ಊದಿದರು. ಆ ಅವಮಾನಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಜೆ.ಪಿ. ನಗರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆಫೀಸು. ಫೋನಿನಲ್ಲಿ ಕೇಳುವ ಧಾರಾವಾಹಿ ಕಥೆಗಳನ್ನು ಮಾಡುತ್ತೇವೆ. ಬಸ್ಸಿನಲ್ಲಿ ನಿಂತವರು, ಮೆಟ್ರೋದಲ್ಲಿ ಕೂತವರು, ಪಾತ್ರೆ ತೊಳೆಯುವವರು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ. ಕಂಪನಿಯ ದೊಡ್ಡವರೆಲ್ಲ ಉತ್ತರದ ಒಂದು ಊರಿನಲ್ಲಿದ್ದಾರೆ, ಅವರನ್ನು ನಾವು "ಮೇಲಿನವರು" ಅನ್ನುತ್ತೇವೆ. ಮೇಲಿನವರು ಎಲ್ಲಿಂದಲೋ ಒಂದು ಕಥೆ ಕೊಂಡು ತರುತ್ತಾರೆ, ಎಲ್ಲ ಭಾಷೆಯವರೂ ಅದನ್ನೇ ತಮ್ಮ ಭಾಷೆಗೆ ತಿರುಗಿಸಬೇಕು. ಕನ್ನಡಕ್ಕೆ ಇದ್ದವರು ಮೂವರು. ಮ್ಯಾನೇಜರ್ ಪ್ರದೀಪ, ಬರೆಯುವವಳು ನಾನು, ದನಿ ಕೊಡುವವಳು ರೇಣುಕಾ. ರೇಣುಕಾ ಗದಗಿನ ಕಡೆಯವಳು, ಬಿಟಿಎಂ ಬಡಾವಣೆಯ ಒಂದು ಪಿಜಿಯಲ್ಲಿದ್ದಳು.

ಮೇಡಂ ಬಂದ ವರ್ಷ ನಮ್ಮ ಕೈಗೆ ಬಂದದ್ದು ತೋಳಮನುಷ್ಯನ ಪ್ರೇಮಕಥೆ. ಹುಣ್ಣಿಮೆ ಬಂದರೆ ನಾಯಕ ತೋಳವಾಗುತ್ತಾನೆ, ರಾಜನ ಮಗಳು ಅವನನ್ನೇ ಪ್ರೀತಿಸುತ್ತಾಳೆ. ಹಿಮ, ಕೋಟೆ, ಕುದುರೆಗಾಡಿ. ನಾನು ಕೈಗೆ ಸಿಕ್ಕಿದ್ದನ್ನು ಬದಲಾಯಿಸಿ, ರಾಜನನ್ನು ವಿಜಯನಗರದ ಕಾಲದ, ಪಾವಗಡದ ಕಡೆಯ ಪಾಳೇಗಾರ ಮಾಡಿ, ಸೂಪನ್ನು ಟೊಮೇಟೊ ಸಾರು ಮಾಡಿ, ಹಿಮವನ್ನು ಹಾಗೇ ಬಿಟ್ಟಿದ್ದೆ. ಇದಕ್ಕೂ ಹಿಂದೆ ನಮ್ಮ ಎರಡು ಕಥೆ ಬಿದ್ದುಹೋಗಿದ್ದವು. ಇದೂ ಬಿದ್ದರೆ ಕನ್ನಡ ವಿಭಾಗ ಮುಚ್ಚುತ್ತೇವೆ ಅಂತ ಮೇಲಿನವರು ನೇರವಾಗಿ ಹೇಳಿಯೂ ಆಗಿತ್ತು. ಪ್ರದೀಪ ಹೆದರಿ, ಜಯನಗರದ ಶಾಲೆಯೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾಗಿದ್ದ ತನ್ನ ಹಳೇ ಟೀಚರನ್ನು ಕರೆದುಕೊಂಡು ಬಂದ. ಅವರೇ ಮೇಡಂ.

"ಪಾವಗಡದಲ್ಲಿ ಹಿಮ ಯಾವಾಗಮ್ಮ ಬಿತ್ತು? ನನಗೆ ಯಾರೂ ಹೇಳಲೇ ಇಲ್ವಲ್ಲ" ಅಂದರು ಮೇಡಂ.

ಕಥೆಯನ್ನು ಮೊದಲಿಂದ ಬರೆಯಲು ಅವರು ಒಪ್ಪಿದರು. ಒಂದೇ ಷರತ್ತು ಹಾಕಿದರು. "ಕೊನೇಲಿ ಆ ಹುಡುಗಿ ಅವನನ್ನೇ ಮದುವೆ ಆಗ್ಬೇಕು. ಓಡಿಹೋಗಿ ಅಲ್ಲ. ಅವಳ ಅಪ್ಪ ಬಂದು, ನಿಂತು, ಕಳಿಸಿಕೊಡ್ಬೇಕು. ಅಷ್ಟು ಆಗತ್ತೆ ಅಂದ್ರೆ ಬರೀತೀನಿ, ಇಲ್ಲ ಅಂದ್ರೆ ಈಗ್ಲೇ ಎದ್ದು ಹೋಗ್ತೀನಿ." ಪ್ರದೀಪ ಹೂಂ ಅಂದ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವನು ಹೂಂ ಅನ್ನುತ್ತಿದ್ದ.

ಹೀಗೆ ಹೊನ್ನಾಜಿ ಹುಟ್ಟಿದಳು, ಪಾಳೇಗಾರನ ಒಬ್ಬಳೇ ಮಗಳು. ಅವಳ ಪ್ರೀತಿಯ ಬೀರ, ಕುರಿ ಮೇಯಿಸುವವನು, ಹುಣ್ಣಿಮೆಗೆ ತೋಳ.

ಮೇಡಂ ಸಣ್ಣ ದೇಹದ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ವಾಚಿನ ಮುಖ ಯಾವಾಗಲೂ ಮಣಿಕಟ್ಟಿನ ಒಳಬದಿಗೆ. ದನಿ ಎತ್ತುತ್ತಿರಲಿಲ್ಲ. ಆದರೆ ಅವರು ಬಂದ ಎರಡನೇ ವಾರಕ್ಕೆ ಪ್ರದೀಪ ಕುರ್ಚಿಯ ಮೇಲೆ ಕಾಲು ಮಡಚಿ ಕೂರುವುದನ್ನು ಬಿಟ್ಟಿದ್ದ.

ಗೋಡೆಯ ಬೋರ್ಡಿನ ಮೇಲೆ ಅವರು ಮೊದಲು ಬರೆದದ್ದು ತಿಥಿಗಳನ್ನು. ಮೂಲ ಕಥೆಯಲ್ಲಿ ಒಂದೇ ವಾರದಲ್ಲಿ ಮೂರು ಹುಣ್ಣಿಮೆ ಬಂದಿದ್ದವು. "ಇವರ ಊರಲ್ಲಿ ಚಂದ್ರನಿಗೆ ಬೇರೆ ಕೆಲಸ ಇಲ್ವಾ?" ಅಂತ ಕೇಳಿ, ಪಾಡ್ಯದಿಂದ ಹಿಡಿದು ಕಥೆಯ ಪ್ರತಿ ದಿನಕ್ಕೂ ತಿಥಿ ಹಾಕಿದರು. ಇಂಥ ಕಂತಿನಲ್ಲಿ ಚತುರ್ದಶಿ, ಆದ್ದರಿಂದ ಬೀರನಿಗೆ ಮೈ ಬಿಸಿ. ಇಂಥ ಕಂತಿನಲ್ಲಿ ಅಮಾವಾಸ್ಯೆ, ಆದ್ದರಿಂದ ಹೊನ್ನಾಜಿ ಧೈರ್ಯವಾಗಿ ಹೊಲದ ಬದುವಿಗೆ ಬರಬಹುದು. ಮೇಲಿನವರು ನಡುವೆ ಒಂದು ಹುಣ್ಣಿಮೆ ಜಾಸ್ತಿ ಬೇಕು, ಕೇಳುವವರಿಗೆ ರೋಮಾಂಚನ ಕಡಿಮೆಯಾಗುತ್ತಿದೆ ಅಂತ ಮೇಲ್ ಹಾಕಿದರು. ಮೇಡಂ ಉತ್ತರ ಬರೆಸಿದರು. "ಅಧಿಕ ಮಾಸ ಬಂದಾಗ ನೋಡೋಣ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಅರ್ಧ ದಿನ ಒದ್ದಾಡಿದೆ.

ಊಟದ ವಿಷಯದಲ್ಲಂತೂ ಕೇಳಲೇಬೇಡಿ. ಹೊನ್ನಾಜಿಯ ಅಡುಗೆಮನೆಗೆ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಯಾವುದಕ್ಕೂ ಪ್ರವೇಶವಿರಲಿಲ್ಲ. ಇವೆಲ್ಲ ಆಮೇಲೆ ಹಡಗಿನಲ್ಲಿ ಬಂದವು ಅಂತ. ಕಡಲೆಕಾಯಿ ಇಲ್ಲದ ಪಾವಗಡ ಹೇಗೆ ಸಾಧ್ಯ ಅಂತ ಪ್ರದೀಪ ವಾದ ಮಾಡಿದ. ಅದಕ್ಕೆ ಮೇಡಂ ಒಂದು ದಿನ ಮೂವರಿಗೂ ಮನೆಯಿಂದ ಊಟ ತಂದರು. ಮುದ್ದೆ, ಕಾಳುಮೆಣಸು ಅರೆದು ಹಾಕಿದ ಹುರುಳಿಕಟ್ಟಿನ ಸಾರು, ಗಟ್ಟಿ ಮಜ್ಜಿಗೆ. ಪ್ರದೀಪ ಮೂಗು ಒರೆಸಿಕೊಂಡು ಎರಡು ಸಲ ಹಾಕಿಸಿಕೊಂಡ. "ನೋಡಿದ್ಯಾ, ಕಡಲೆಕಾಯಿ ಇಲ್ಲ ಅಂತ ನೀನು ನೆನೆಸ್ಕೊಳ್ಳಲೇ ಇಲ್ಲ" ಅಂದರು. ಮಾರನೇ ದಿನ ಆ ಊಟವನ್ನೇ ಹೊನ್ನಾಜಿ ಬೀರನಿಗೆ ಬಡಿಸಿದಳು. ಅಡುಗೆಮನೆಯಲ್ಲಿ ಕೇಳುವವರಿಗೆ ಅದು ಎಷ್ಟು ಹಿಡಿಸಿತೆಂದರೆ, ಸಾರಿನ ಅಳತೆ ಹೇಳಿ ಅಂತ ಕಾಮೆಂಟುಗಳು ಬಂದವು.

ಪ್ರೀತಿಯ ಮಾತು ಬರೆಯುವಾಗ ಅವರಿಗೆ ನಾಚಿಕೆ ಗೀಚಿಕೆ ಏನೂ ಇರಲಿಲ್ಲ, ಇದ್ದದ್ದು ನನಗೆ. ನಾನು ಬರೆದ "ನೀನಿಲ್ಲದೆ ನಾನು ಉಸಿರಾಡಲಾರೆ" ಅನ್ನೋ ಸಾಲಿನ ಮುಂದೆ "ಆಸ್ತಮಾನಾ?" ಅಂತ ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದರು. ಅವರ ಕಥೆಯಲ್ಲಿ ಹೊನ್ನಾಜಿ ಹುಣ್ಣಿಮೆಯ ಮಾರನೇ ಬೆಳಿಗ್ಗೆ ಹಳ್ಳದ ಹತ್ತಿರ ಬಂದು, ಮೈಯೆಲ್ಲ ತರಚಿಕೊಂಡು ಮಲಗಿದ ಬೀರನ ಪಾದದಿಂದ ಒಂದೊಂದೇ ಜಾಲಿ ಮುಳ್ಳು ತೆಗೆಯುತ್ತಾಳೆ. ಕೊನೆಯ ಮುಳ್ಳು ತೆಗೆದಾದ ಮೇಲೆ ಅವಳು, "ಊಟ ಮಾಡಿ ಎಷ್ಟು ದಿನ ಆಯ್ತು?" ಅಂತ ಕೇಳುತ್ತಾಳೆ. ರೆಕಾರ್ಡಿಂಗ್ ಮಾಡುವಾಗ ಅಷ್ಟು ಹೇಳಿ ರೇಣುಕಾ ಅತ್ತುಬಿಟ್ಟಳು. ಆ ಅಳುವನ್ನು ಕತ್ತರಿಸದೆ ಹಾಗೇ ಬಿಟ್ಟೆವು.

ತೋಳದ ಬಗ್ಗೆ ಇವರಿಗೆ ಇಷ್ಟೆಲ್ಲ ಹೇಗೆ ಗೊತ್ತು ಅಂತ ನನಗೆ ಅನುಮಾನ ಇತ್ತು. ಅದು ತೀರಿದ್ದು ಕೂಗಿನ ಜಗಳದಲ್ಲಿ. ಮೇಲಿನವರು ಕಳಿಸಿದ ತೋಳದ ಕೂಗನ್ನು ಕೇಳಿ ಮೇಡಂ, "ಇದು ನಮ್ಮ ತೋಳ ಅಲ್ಲ" ಅಂದರು. ಮಾರನೇ ದಿನ ಮಧ್ಯಾಹ್ನ ತಮ್ಮ ಯಜಮಾನರನ್ನು ಕರೆದುಕೊಂಡು ಬಂದರು. ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ದಿನಾ ಸಂಜೆ ಸ್ಕೂಟರಿನಲ್ಲಿ ಬಂದು ಕೆಳಗೆ ಔಷಧಿ ಅಂಗಡಿಯ ಮುಂದೆ ಕಾಯುತ್ತಿದ್ದರು. ಒಂದು ದಿನವೂ ಮೇಲೆ ಬಂದವರಲ್ಲ, ಮಾತಾಡಿದವರೂ ಅಲ್ಲ. ಅವತ್ತು ರೆಕಾರ್ಡಿಂಗ್ ಕೋಣೆಗೆ ಹೋಗಿ, ಚಪ್ಪಲಿ ಬಿಟ್ಟು, ಎರಡು ಕೈಯನ್ನೂ ಬಾಯಿಗೆ ಇಟ್ಟುಕೊಂಡು ಕೂಗಿದರು. ನನ್ನ ತೋಳಿನ ಮೇಲಿನ ಕೂದಲು ನಿಂತಿತು. ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಕೂಗು ಬೀದಿಗೂ ಹೋಯಿತು, ಜೆ.ಪಿ. ನಗರದ ಆ ಅಡ್ಡರಸ್ತೆಯ ಅಷ್ಟೂ ನಾಯಿಗಳು ಒಟ್ಟಿಗೆ ಎದ್ದು ಉತ್ತರ ಕೊಟ್ಟವು. ಔಷಧಿ ಅಂಗಡಿಯವರು ಓಡಿಬಂದು ಯಾರಿಗೆ ಏನಾಯಿತು ಅಂತ ಕೇಳಿದರು. ಮೇಡಂ ಮಾತ್ರ ಮದುವೆಯಾದ ಹೊಸತರ ಹುಡುಗಿ ಥರ ಗಂಡನನ್ನು ನೋಡುತ್ತಾ ಕೂತಿದ್ದರು.

ಅವರ ಯಜಮಾನರು ಪಾವಗಡದ ಕಡೆಯ ಕುರಿಗಾಹಿಗಳ ಮನೆಯವರು. ತೋಳ ಒಂದು ಮರಿ ಎತ್ತಿಕೊಂಡು ಹೋದರೆ ಅವರ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲವಂತೆ, ಅದರ ಪಾಲು ಅದು ತಗೊಂಡಿತು ಅಂತ ಸುಮ್ಮನಾಗುತ್ತಿದ್ದರಂತೆ. ಮೇಡಂ ಬೇರೆ ಜಾತಿಯವರು, ದೊಡ್ಡ ಮನೆತನ. ಕಾಲೇಜಿನಲ್ಲಿ ಅವರನ್ನು ಮೆಚ್ಚಿ, ಜಯನಗರದ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆಯಾದರು. ಅಪ್ಪ ಬರಲಿಲ್ಲ. ಬಸವನಗುಡಿಯ ತವರಿನ ಬಾಗಿಲು ಆಮೇಲೆ ಅವರಿಗೆ ತೆರೆಯಲೂ ಇಲ್ಲ. ಒಂದು ಸಂಜೆ ಕಾಫಿ ಕುಡಿಯುತ್ತಾ ಇದನ್ನೆಲ್ಲ ಅವರೇ ಹೇಳಿದರು, ಪಾಠ ಮಾಡುವ ದನಿಯಲ್ಲೇ. "ನಾನು ಯಾರಿಗೂ ಏನೂ ಕಡಿಮೆ ಮಾಡ್ಲಿಲ್ಲ ಕಣಮ್ಮ. ಚೆನ್ನಾಗಿ ಬದುಕಿದೆ. ಆದ್ರೂ ಒಂದು ಸಲ ನಮ್ಮಪ್ಪ ಬಂದು, ಹೋಗಿ ಬಾ ಮಗಳೇ ಅನ್ಬೇಕಿತ್ತು" ಅಂದರು. ಅವರು ಹಾಕಿದ್ದ ಷರತ್ತು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿಯಲಿಲ್ಲ.

ಕಥೆ ಹತ್ತಿಕೊಂಡಿತು. ಎಷ್ಟರಮಟ್ಟಿಗೆ ಅಂದರೆ, ಬೆಳಿಗ್ಗೆ ಬನಶಂಕರಿಯಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರ ಕಿವಿಯಿಂದ ರೇಣುಕಾಳ ದನಿ ನನಗೆ ಕೇಳುತ್ತಿತ್ತು. ವಿಭಾಗ ಮುಚ್ಚುವ ಮಾತು ನಿಂತಿತು. ಈಗ ಮೇಲಿನವರ ರಾಗ ಬೇರೆ. ಇದನ್ನು ಮುಗಿಸಲೇಬೇಡಿ, ಎಳೆಯಿರಿ, ಎರಡನೇ ಭಾಗ ಮಾಡಿ.

ಮೇಡಂ ಮಾತ್ರ ಮದುವೆಯನ್ನೇ ಬರೆದರು. ಹುಣ್ಣಿಮೆಯ ದಿನವೇ ಗೋಧೂಳಿ ಲಗ್ನ. ತಾಳಿ ಕಟ್ಟಿದ ಹೊತ್ತಿಗೆ ಚಂದ್ರ ಮೂಡುತ್ತಾನೆ, ಚಪ್ಪರದಲ್ಲಿ ಎಲ್ಲರೆದುರಿಗೇ ಬೀರ ತೋಳವಾಗುತ್ತಾನೆ. ಯಾರೂ ಓಡುವುದಿಲ್ಲ. ಕುರಿಗಾಹಿಗಳು ಒಂದು ಕರಿಕಂಬಳಿ ಹಾಸುತ್ತಾರೆ, ತೋಳ ಅದರ ಮೇಲೆ ಬಂದು ಕೂರುತ್ತದೆ. ಕೊಲ್ಲಲೆಂದು ಕತ್ತಿ ಹಿಡಿದು ಬಂದ ಪಾಳೇಗಾರ ನೋಡುತ್ತಾ ನಿಲ್ಲುತ್ತಾನೆ. ಆಮೇಲೆ ಕತ್ತಿ ಕೆಳಗಿಟ್ಟು, ಹೆಂಡತಿಯಿಲ್ಲದ ಮನುಷ್ಯ, ತನ್ನ ಬೊಗಸೆಯಲ್ಲೇ ಮಗಳಿಗೆ ಮಡಿಲಕ್ಕಿ ಹಾಕುತ್ತಾನೆ. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು. "ಹೋಗಿ ಬಾ ಮಗಳೇ." ಅಲ್ಲಿಗೆ ಮುಗಿಯಿತು. ಒಂಬತ್ತು ನಿಮಿಷದ ದೃಶ್ಯ. ರೆಕಾರ್ಡಿಂಗ್ ಆದ ಮೇಲೆ ಪ್ರದೀಪ ಬಾತ್‌ರೂಮಿಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಮೇಲಿನವರು ಆ ಒಂಬತ್ತು ನಿಮಿಷ ಕತ್ತರಿಸಿದರು.

ದೃಶ್ಯ ನಿಧಾನವಾಗಿದೆಯಂತೆ. ಅಪ್ಪ ಕೋಪದಲ್ಲೇ ಎದ್ದು ಹೋಗಬೇಕಂತೆ, ಎರಡನೇ ಭಾಗಕ್ಕೆ ಯುದ್ಧ ಬೇಕಂತೆ. ಅಲ್ಲಿನ ಮುಖ್ಯಸ್ಥೆಗೆ ಮೇಡಂ ನನ್ನ ಫೋನಿಂದಲೇ ಮಾತಾಡಿದರು. "ಹೆಣ್ಣುಮಗಳನ್ನ ಬರಿ ಮಡಿಲಲ್ಲಿ ಕಳಿಸ್ತೀರಾ?" ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆಗೆ ಅರ್ಥವಾಗಲಿಲ್ಲ, ನಾನು ಹೇಳಿದ ರೀತಿಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಕ್ಕಿ ಕೊಡುವುದಕ್ಕೆ ಒಂಬತ್ತು ನಿಮಿಷ ಯಾಕೆ ಅಂತ ಕೇಳಿದಳು. ಅವತ್ತು ಸಂಜೆಯೇ ಕಂತು ಹಾಗೇ ಹೋಯಿತು. ಅಪ್ಪ ಉಗುಳಿ ಹೊರಟ, ಮಗಳು ತೋಳದ ಹಿಂದೆ ಕತ್ತಲೆಗೆ ನಡೆದಳು. ಮೇಡಂ ರಾಜೀನಾಮೆ ಬರೆದು, ಪೆನ್ಸಿಲುಗಳನ್ನು ಚೀಲಕ್ಕೆ ಹಾಕಿಕೊಂಡರು. ಅವರು ಊದಲಿಲ್ಲವಲ್ಲ ಅನ್ನೋದೇ ನನಗೆ ಹೆದರಿಕೆ. ನಾಳೆ ಒಂದು ದಿನ ಬನ್ನಿ, ಲೆಕ್ಕಪತ್ರ ಮುಗಿಸಬೇಕು ಅಂತ ಪ್ರದೀಪ ಸುಳ್ಳು ಹೇಳಿ ತಡೆದ.

ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಮೆಟ್ಟಿಲ ಮೇಲೆ ಬಳೆ ಸದ್ದು. ಫೋನಿನಲ್ಲಿ ನಮ್ಮ ವಿಳಾಸ ಹುಡುಕಿಕೊಂಡು ಬಂದ ಆರು ಜನ ಹೆಂಗಸರು. ಹೊಸಕೆರೆಹಳ್ಳಿಯವರು, ಅಲ್ಲಿ ಹೊಲ ಇದ್ದವರ ಮನೆಯವರು. ಈಗ ಆ ಹೊಲದ ಮೇಲೆ ಬಾಡಿಗೆ ಮನೆಗಳು. ಮುಂದೆ ಇದ್ದ ದಪ್ಪ ಆಂಟಿಯ ಕೈಯಲ್ಲಿ ಮೊರ, ಮೊರದ ತುಂಬ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ವೀಳ್ಯದೆಲೆ, ಹಸಿರು ಬಳೆ, ರವಿಕೆ ಕಣ. ಉಳಿದವರ ಕೈಯಲ್ಲಿ ಹೂವು, ತೆಂಗಿನಕಾಯಿ.

"ಹೊನ್ನಾಜಿ ಕತೆ ಮಾಡೋರು ಇಲ್ಲೇ ಅಲ್ವಾ ಸಾರ್?" ಅಂದಳು ಪ್ರದೀಪನಿಗೆ. "ಏನ್ ಸಾರ್ ನೀವು, ಓದಿರೋರು. ಹೆಣ್ ಮಗೀನ ಬರಿ ಮಡಿಲಲ್ಲಿ ಕಳಿಸ್ಬಿಟ್ರಲ್ಲಾ. ರಾತ್ರಿ ನಮ್ ಮನೇಲಿ ಯಾರೂ ಸರಿಯಾಗಿ ಉಣ್ಲಿಲ್ಲ. ಅವ್ಳ್ ಅಪ್ಪ ಹಾಕ್ದಿದ್ರೆ ಬೇಡ, ನಾವ್ ಹಾಕ್ತೀವಿ. ಯಾರ್ ಮಡಿಲಿಗೆ ಹಾಕ್ಬೇಕು ಹೇಳಿ."

ರೇಣುಕಾ ಮುಂದೆ ಬಂದಳು. "ನಮ್ಮ ಕಡೆ ಉಡಿ ತುಂಬೂದು ಅಂತಾರ್ರಿ ಆಂಟಿ ಇದಕ್ಕ. ಹೊನ್ನಾಜಿ ದನಿ ನಂದೇ ಐತಿ, ಆದ್ರ ನನಗ ಇನ್ನೂ ಮದುವಿ ಆಗಿಲ್ರಿ. ಅಕಿನ್ನ ಹೆತ್ತಾಕಿ ಇವರು." ಅಂತ ಮೇಡಂ ಕಡೆ ಕೈ ತೋರಿಸಿದಳು.

ಮೇಡಂ ಬೇಡ ಅಂದರು. ನನಗೆ ವಯಸ್ಸಾಯ್ತು, ಇದೆಲ್ಲ ಚಿಕ್ಕವರಿಗೆ ಅಂದರು. "ಯಜಮಾನ್ರು ಇದಾರಾ?" ಅಂತ ಆಂಟಿ ಕೇಳಿದಳು. ಇವತ್ತು ಬೇಗ ಮುಗಿಯುತ್ತೆ ಅಂತ ಬೆಳಿಗ್ಗೆಯಿಂದಲೇ ಕೆಳಗೆ ಸ್ಕೂಟರ್ ಹತ್ತಿರ ನಿಂತಿದ್ದಾರೆ ಅಂತ ನಾನು ಹೇಳಿದೆ. "ಮತ್ತೆ ಇನ್ನೇನು? ಮಡಿಲಿಗೆ ವಯಸ್ಸಾಗತ್ತಾ? ಪೂರ್ವಕ್ಕೆ ಮುಖ ಮಾಡಿ ಕೂತ್ಕೊಳಿ." ಆಫೀಸಿನ ಗಾಲಿ ಕುರ್ಚಿಯನ್ನು ಪ್ರದೀಪ ತಳ್ಳಿಕೊಂಡು ಬಂದ, ಪೂರ್ವ ಯಾವುದು ಅಂತ ಫೋನಿನಲ್ಲಿ ನೋಡಿ ತಿರುಗಿಸಿದ.

ಆಗ ನಾನು ಜನ್ಮದಲ್ಲಿ ಮಾಡಿದ ಒಂದೇ ಬುದ್ಧಿವಂತ ಕೆಲಸ ಮಾಡಿದೆ. ಮೇಲಿನ ಮುಖ್ಯಸ್ಥೆಗೆ ವೀಡಿಯೊ ಕಾಲ್ ಹಾಕಿ ಫೋನನ್ನು ಎತ್ತಿ ಹಿಡಿದೆ. ಒಂದು ಮಾತೂ ಆಡಲಿಲ್ಲ. ಮೇಡಂ ಸೆರಗು ಒಡ್ಡಿದರು. ಆಂಟಿ ಹಣೆಗೆ ಕುಂಕುಮ ಇಟ್ಟು, ಮೊದಲ ಬೊಗಸೆ ಅಕ್ಕಿ ಹಾಕಿದಳು. ಒಬ್ಬೊಬ್ಬರೇ ಆರೂ ಜನ ಹಾಕಿದರು. ಮುಖ್ಯಸ್ಥೆ ಮೊದಲು ಏನಿದು ಅಂದಳು, ಆಮೇಲೆ ಮುಖವನ್ನು ಪರದೆಗೆ ಹತ್ತಿರ ತಂದು ನೋಡಿದಳು. ಆಕೆಯ ಊರಿನಲ್ಲೂ ಮದುವೆಯಾದ ಮಗಳ ಸೆರಗಿಗೆ ಅಕ್ಕಿ ಅರಿಶಿನ ಕಟ್ಟಿ ಕಳಿಸುತ್ತಾರಂತೆ. ಆಕೆಯ ಅಮ್ಮ ಹೋದ ವರ್ಷವೂ ಆಕೆಗೆ ಕಟ್ಟಿದ್ದರಂತೆ. ಇದೇ ಅದು ಅಂತ ನೀವು ಯಾಕೆ ಹೇಳಲಿಲ್ಲ ಅಂತ ರೇಣುಕಾಳ ಹತ್ತಿರ ಹಿಂದಿಯಲ್ಲಿ ಜಗಳ ಮಾಡಿದಳು. ಒಂಬತ್ತು ನಿಮಿಷವನ್ನೂ ವಾಪಸ್ ಹಾಕಿ, ಈಗಲೇ ಹಾಕಿ, ಈ ಭಾಗ ಅಲ್ಲಿಗೇ ಮುಗಿಯಲಿ ಅಂದಳು. ಪ್ರದೀಪ ಎರಡು ಕೈಯನ್ನೂ ಮೇಲೆತ್ತಿ ಕುಣಿದ. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಗೆದ್ದೆವು ಅನ್ನೋದು ಅಷ್ಟು ಸ್ಪಷ್ಟವಾಗಿ ಗೊತ್ತಾಗುವ ದಿನ ಬದುಕಿನಲ್ಲಿ ಎಷ್ಟು ಬರುತ್ತವೆ?

ಅದೇ ಕಂತಿಗೆ ಮೇಡಂ ಹೆಸರು ಬರೆದವರ ಜಾಗದಲ್ಲಿ ಬಂತು. ಎರಡನೇ ಭಾಗಕ್ಕೆ ಎಷ್ಟು ಕರೆದರೂ ಅವರು ಒಪ್ಪಲಿಲ್ಲ. "ಮದುವೆ ಆದ ಮೇಲೆ ಗಂಡ ಹೆಂಡತೀನ ಅವರ ಪಾಡಿಗೆ ಬಿಡ್ಬೇಕು" ಅಂತ ಹೇಳಿ, ರಾಜೀನಾಮೆಯ ಕಾಗದದ ಮೇಲೆ ತಾರೀಖು ತಿದ್ದಿ ಕೊಟ್ಟರು.

ಆದರೆ ಬೀಳ್ಕೊಡುಗೆಯ ದಿನ ನಾನು ಹೇಳಬೇಕಾಗಿದ್ದು ಆ ಬೆಳಿಗ್ಗೆಯ ಕೊನೆಯ ಮಾತು. ನಾವೆಲ್ಲ ಕುಣಿಯುತ್ತಿರುವಾಗ ಮೇಡಂ ತುಂಬಿದ ಸೆರಗನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡು ಹಾಗೇ ಕೂತಿದ್ದರು. ಕನ್ನಡಕ ಒದ್ದೆಯಾಗಿತ್ತು, ತೆಗೆಯಲು ಕೈ ಖಾಲಿ ಇರಲಿಲ್ಲ. ಆಂಟಿ ಖಾಲಿ ಮೊರವನ್ನು ಕಂಕುಳಿಗೆ ಸೇರಿಸಿಕೊಂಡು, ಹೊರಡುವಾಗ ಒಂದು ಸಲ ತಿರುಗಿ ಕೇಳಿದಳು. "ಅವ್ಳಿಗೆ ತಲುಪಿಸ್ತೀರಲ್ಲಮ್ಮಾ?"

"ತಲುಪ್ತು ಕಣಮ್ಮ" ಅಂದರು ಮೇಡಂ.